ಹಸಿರು ಚುಕ್ಕಿಗೆ ಕೈ ಮುಗಿದ ಆಂಟಿ

ಕಣ್ಣಿನ ಒಳಭಾಗದ ಚಿತ್ರ ತೆಗೆಯುವ ಕ್ಯಾಮೆರಾದೊಳಗೆ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕಿಯೊಂದು ಉರಿಯುತ್ತಿತ್ತು. ಅದನ್ನೇ ನೋಡುತ್ತಿರಬೇಕು ಎಂದು ನಾನು ಹೇಳಿದ್ದರೂ, ಬೆಳಕು ಮಿನುಗಿದೊಡನೆ ವಿಮಲಾ ಆಂಟಿ ಕಣ್ಣು ಮುಚ್ಚಿ ಕೈ ಮುಗಿದುಬಿಟ್ಟರು. ಚಿತ್ರ ಸರಿಯಿಲ್ಲ, ಮತ್ತೆ ತೆಗೆಯಿರಿ ಎಂದು ಯಂತ್ರ ಮೂರನೇ ಸಲ ತೋರಿಸಿತು.

"ಆಂಟಿ, ಇದು ಮಂಗಳಾರತಿ ಅಲ್ಲ. ಕಣ್ಣು ಬಿಡಿ," ಎಂದೆ.

"ಅರವತ್ತು ವರ್ಷದ ಹ್ಯಾಬಿಟ್ ಕಣೇ, ಬೆಳಕು ಕಂಡ್ರೆ ತಾನೇ ಮುಚ್ಕೊಳ್ಳುತ್ತೆ!"

ನಾವು ನೆಲೆಸಿರುವ ವಿದೇಶದ ಊರಾದ ಜಾನ್ಸ್ ಕ್ರೀಕ್‌ನ ಸಭಾಂಗಣವೊಂದರಲ್ಲಿ ಉಚಿತ ಕಣ್ಣಿನ ತಪಾಸಣೆ ನಡೆದಿತ್ತು, ನಾನು ಸ್ವಯಂಸೇವಕಿ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆದರೆ ಆಂಟಿಯ ತಾಯಿ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಿದ್ದರು. ಅದೇ ಕಾಯಿಲೆಯಿದ್ದೂ ಇವರು ಹೆದರಿ ಹತ್ತು ವರ್ಷಗಳಿಂದ ಕಣ್ಣು ತೋರಿಸಿರಲಿಲ್ಲ. ನಾನು ಒಂದು ಕೈಯಲ್ಲಿ ಅವರ ಎರಡೂ ಕೈಗಳನ್ನು ಹಿಡಿದು, ಇನ್ನೊಂದರಿಂದ ಗುಂಡಿ ಒತ್ತಿದೆ. ಕೈ ಮುಗಿಯಲಾಗದ ಆಂಟಿ ಕಣ್ಣನ್ನೂ ಮುಚ್ಚಲಿಲ್ಲ.

ಆ ಚಿತ್ರಗಳನ್ನು ನೋಡಿ ರೋಗ ಗುರುತಿಸುವುದೂ ಯಂತ್ರವೇ. ಒಂದೇ ನಿಮಿಷದಲ್ಲಿ ಪರದೆಯ ಮೇಲೆ ಉತ್ತರ ಬಂತು: ಎರಡೂ ಕಣ್ಣುಗಳಲ್ಲಿ ಸಕ್ಕರೆ ಕಾಯಿಲೆಯಿಂದಾದ ಹಾನಿ ಕಂಡುಬಂದಿಲ್ಲ, ವರ್ಷದ ನಂತರ ಮತ್ತೆ ಪರೀಕ್ಷಿಸಿ.

"ಹಾಗಿದ್ರೆ ನಾನು ಡ್ರೈವಿಂಗ್ ಬಿಡ್ಬೇಕಿಲ್ಲ! ಶನಿವಾರ ಎಲ್ರೂ ಪಕ್ಕದೂರು ನಾರ್‌ಕ್ರಾಸ್‌ನ ದೇವಸ್ಥಾನಕ್ಕೆ ನನ್ನ ಕಾರಲ್ಲೇ ಬರ್ಬೇಕು," ಎಂದು ಆಂಟಿ ಸಾಲಿನತ್ತ ತಿರುಗಿ ಕೂಗಿದರು.

ನನಗೂ ಎರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಯಾರಿಗೂ ಹೇಳಿರಲಿಲ್ಲ, ಕಣ್ಣನ್ನೂ ತೋರಿಸಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕಣ್ಣಿನ ತಪಾಸಣೆಗೆ ದಿನ ಗೊತ್ತು ಮಾಡಿಕೊಂಡೆ. ಆಮೇಲೆ ಆಂಟಿಗೆ ಫೋನ್ ಮಾಡಿ, ಜೊತೆಗೆ ಬರುವಿರಾ ಎಂದು ಕೇಳಿದೆ.