ಮಹಡಿಯ ಹುಡುಗಿ ಹೊಲಿಯಬಹುದೇ?

ಮೂಡುಬಿದಿರೆಯ ನಮ್ಮ ಮನೆಯ ಕೆಳಗಡೆ ನನ್ನ ಹೊಲಿಗೆ ಅಂಗಡಿ, ಮಹಡಿಯಲ್ಲಿ ಒಂದು ಬಾಡಿಗೆ ಕೋಣೆ. ಕೆಲವು ವರ್ಷಗಳ ಹಿಂದೆ ಆ ಕೋಣೆಗೆ ಟಾಂಜಾನಿಯಾದ ಹುಡುಗಿಯೊಬ್ಬಳು ಬಂದಳು. ಇಲ್ಲಿ ಫಿಸಿಯೋಥೆರಪಿ ಕಲಿಯುತ್ತಿದ್ದವಳು ಹಾಸ್ಟೆಲಿನ ಊಟ ಒಗ್ಗದೆ ಹೊರಗೆ ಕೋಣೆ ಹುಡುಕಿದ್ದಳು. ಅಷ್ಟರಲ್ಲಿ ನಮ್ಮ ಕನ್ನಡವನ್ನೂ ಕಲಿತಿದ್ದಳು.

ವಿದೇಶಿಯರು ಕೋಣೆ ಬದಲಿಸಿದರೂ ಸರಕಾರಕ್ಕೆ ತಿಳಿಸಬೇಕೆಂದು ನನಗೆ ಗೊತ್ತಾದದ್ದು ಆಗಲೇ. ಮದುವೆಯಾಗಿ ಸಿದ್ಧಕಟ್ಟೆಯಿಂದ ಈ ಊರಿಗೆ ಬಂದಾಗ ನಾನು ಯಾವ ಸರಕಾರಕ್ಕೂ ಹೇಳಿರಲಿಲ್ಲ. ಕೋಣೆ ಕೊಟ್ಟವಳಾಗಿ ನಾನು ಏನೇನು ಬರೆಯಬೇಕೆಂದು ಅವಳೇ ನನ್ನ ಪಕ್ಕ ಕೂತು ಮೊಬೈಲಿನಲ್ಲಿ ತೋರಿಸಿಕೊಟ್ಟಳು.

ಶಾಲೆ ಶುರುವಾಗುವ ಹೊತ್ತು. ಯೂನಿಫಾರ್ಮಿನ ರಾಶಿಯ ನಡುವೆ ನಾನು ಒದ್ದಾಡುತ್ತಿದ್ದಾಗ ಅವಳು ಇಳಿದು ಬಂದು, ಖಾಲಿಯಿದ್ದ ಇನ್ನೊಂದು ಮೆಷಿನಿನಲ್ಲಿ ಒಂದು ಕಾಲರು ಹೊಲಿದೇಬಿಟ್ಟಳು. ನೆಟ್ಟಗೆ, ಒಂದು ಸುಕ್ಕಿಲ್ಲದೆ. ಅವಳ ಅಮ್ಮನೂ ಟೈಲರಂತೆ.

"ದಿನಾ ಸಂಜೆ ಬಾ, ಸಂಬಳ ಕೊಡ್ತೇನೆ," ಎಂದೆ.

ಅವಳು ತಟ್ಟನೆ ಮೆಷಿನಿನಿಂದ ಕೈ ತೆಗೆದಳು. "ಆಂಟಿ, ನನ್ನ ವೀಸಾ ಓದ್ಲಿಕ್ಕೆ ಮಾತ್ರ. ಕೆಲಸ ಮಾಡ್ಲಿಕ್ಕಿಲ್ಲ."

"ಸಂಬಳ ಕೊಡದಿದ್ರೆ?"

"ಗೊತ್ತಿಲ್ಲ. ಊರಿಗೆ ಕಳಿಸಿಬಿಟ್ರೆ ಅಂತ ಹೆದರಿಕೆ."

ಯಾವುದು ಕೆಲಸ, ಯಾವುದು ಅಲ್ಲ ಎಂಬ ಹುಳ ನನ್ನ ತಲೆಗೆ ಹೊಕ್ಕಿತು. ನನ್ನ ಗಂಡ ಕುವೈತಿನಲ್ಲಿದ್ದಾರೆ. ಫೋನಿನಲ್ಲಿ ಕೇಳಿದೆ: "ನೀವು ಅಲ್ಲಿ ಯಾರ ಪರ್ಮಿಷನ್ನಲ್ಲಿ ಇರುವುದು?"

ಅವರು ನಕ್ಕರು. "ಕೆಲಸ ಕೊಟ್ಟ ಧಣಿಯ ಪರ್ಮಿಷನ್ನಲ್ಲಿ. ಕೆಲಸ ಹೋದ್ರೆ ಇರ್ಲಿಕ್ಕೂ ಇಲ್ಲ. ಇಷ್ಟು ವರ್ಷ ನೀನು ಕೇಳ್ಲೇ ಇಲ್ಲ ಮಾರಾಯ್ತಿ!"

ಒಬ್ಬರು ಕೆಲಸವಿದ್ದರೆ ಮಾತ್ರ ಇರಬಹುದು, ಇನ್ನೊಬ್ಬಳು ಕೆಲಸ ಮಾಡದಿದ್ದರೆ ಮಾತ್ರ. ಎರಡೂ ನನ್ನದೇ ಮನೆಯ ಸಂಗತಿ.

ಅವಳ ವಿಳಾಸ ವಿಚಾರಿಸಲು ಪೊಲೀಸರೊಬ್ಬರು ಬಂದರು. ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಚಹಾ ಕೊಟ್ಟು, ಸಂಬಳವಿಲ್ಲದೆ ಇವಳು ನನ್ನ ಅಂಗಡಿಯಲ್ಲಿ ಹೊಲಿಯಬಹುದೇ ಎಂದು ನಾನು ನೇರವಾಗಿಯೇ ಕೇಳಿದೆ. "ಇದುವರೆಗೆ ಯಾರೂ ಇದನ್ನು ಕೇಳಿಲ್ಲ ಅಕ್ಕ," ಎಂದವರು ಅಂಗಳಕ್ಕಿಳಿದು ಮೇಲಧಿಕಾರಿಗೆ ಫೋನು ಮಾಡಿದರು. ಬಹಳ ಹೊತ್ತು ಮಾತಾಡಿ ಒಳಗೆ ಬಂದರು.

"ಸಂಬಳ ಇಲ್ಲದಿದ್ರೂ ಅಂಗಡಿಯ ಕೆಲಸ ಬೇಡವಂತೆ. ಅವಳ ಬಟ್ಟೆ ಅವಳು ಹೊಲಿದುಕೊಳ್ಳಲಿ, ಅದಕ್ಕೆ ಅಡ್ಡಿ ಇಲ್ಲ."

ಅವಳು ಜೋರಾಗಿ ನಕ್ಕುಬಿಟ್ಟಳು. ಮರುದಿನವೇ ಖಾಲಿ ಮೆಷಿನನ್ನು ಮಹಡಿಗೆ ಸಾಗಿಸಿದೆವು. ಅಮ್ಮ ಕೊಟ್ಟು ಕಳಿಸಿದ್ದ ದೊಡ್ಡ ದೊಡ್ಡ ಹೂಗಳ ಬಟ್ಟೆಯಲ್ಲಿ ಅವಳು ಉಡುಪು ಹೊಲಿದುಕೊಂಡಳು. ಅದರ ಉಬ್ಬಿದ ತೋಳನ್ನು ಹೇಗೆ ಕತ್ತರಿಸುವುದೆಂದು ನಾನು ಕಲಿತುಕೊಂಡೆ.

ಓದು ಮುಗಿದು, ಇಂಟರ್ನ್‌ಶಿಪ್ ಮುಗಿಯುವವರೆಗೆ ಇರಲು ಒಪ್ಪಿಗೆಯೂ ಸಿಕ್ಕಿತು. ಅದೂ ಮುಗಿದ ಮೇಲೆ ಹೊರಡಲೇಬೇಕಾಯಿತು.

"ಇಲ್ಲೇ ಇರ್ಬೇಕು ಅಂತ ಆಸೆ ಉಂಟಾ?" ಎಂದು ಕೇಳಿದೆ.

"ಉಂಟು ಆಂಟಿ. ಆಸ್ಪತ್ರೆಯವರು ಯಾರಾದ್ರೂ ಕೆಲಸ ಕೊಟ್ರೆ, ಬೇರೆ ವೀಸಾ ಮಾಡಿಸಿ ಬರ್ತೇನೆ."

ಈಗ ಅವಳು ತನ್ನ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಒಮ್ಮೆ ಬನ್ನಿ ಎಂದು ಕರೆಯುತ್ತಲೇ ಇರುತ್ತಾಳೆ. ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ಅಲ್ಲಿ ನನ್ನನ್ನು ಎಷ್ಟು ದಿನ ಇರಲು ಬಿಡುತ್ತಾರೆಂದು ವಿಚಾರಿಸಿ ಹೇಳುವುದಾಗಿ ಅವಳೇ ಅಂದಿದ್ದಾಳೆ.