ಸೆನೆಟರರ ಪತ್ರಕ್ಕೆ ಆರಿನ್ ಡಟನ್‌ನ ಒಕ್ಕಣೆ

ಭಾಷಣ ಮಾಡಿದವರು ಸೆನೆಟರ್ ಥ್ರೂಪರು, ಪತ್ರ ಬರೆದವನು ನಾನು ಎಂದು ಆರಿನ್ ಡಟನ್ ವೆರ್ಮಾಂಟಿನ ವೆದರ್ಬಿ ಊರಿನ ಕ್ಷೌರದಂಗಡಿಯಲ್ಲಿ ಹನ್ನೊಂದು ವರ್ಷ ಹೇಳಿಕೊಂಡು ಬಂದ. ಆಮೇಲೆ ಒಂದು ಬೇಸಿಗೆಯಲ್ಲಿ ಆ ಪತ್ರಗಳೇ ಊರಿಗೆ ವಾಪಸು ಬಂದವು. ಆ ಬೇಸಿಗೆಯ ಕಥೆಯನ್ನೂ ಅವನೇ ಹೇಳುತ್ತಿದ್ದ, ಕೇಳುವವರಿಗಿಂತ ಮೊದಲು ತಾನೇ ನಗುತ್ತ. ಹೇಗೂ ನಗುತ್ತಾರೆ, ಮುಂದೆ ನಿಂತು ನಗಿಸಿದರೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತದೆ ಎಂಬುದು ಅವನ ಎಣಿಕೆ.

ಅವನು ಮೊದಲು ವೆದರ್ಬಿಯ ಶಾಲಾ ಮೇಷ್ಟ್ರು. ಮುತ್ತು ಪೋಣಿಸಿದಂಥ ಅಕ್ಷರ. ಆ ಅಕ್ಷರ ನೋಡಿಯೇ ಥ್ರೂಪರು ಸಾವಿರದ ಎಂಟುನೂರ ಐವತ್ತನೇ ಇಸವಿಯಲ್ಲಿ ಅವನನ್ನು ಗುಮಾಸ್ತನನ್ನಾಗಿ ವಾಷಿಂಗ್ಟನ್ನಿಗೆ ಕರೆದುಕೊಂಡು ಹೋದರು. ಒಬ್ಬ ವಿಧವೆ ನಡೆಸುತ್ತಿದ್ದ ವಸತಿಮನೆಯಲ್ಲಿ ಎರಡು ಕೋಣೆ; ಮುಂದಿನದರಲ್ಲಿ ಸೆನೆಟರರು, ಹಿಂದಿನದರಲ್ಲಿ ಆರಿನ್ ಮತ್ತು ಮಸಿಕುಡಿಕೆ. ಥ್ರೂಪರಿಗೆ ಬರೆಯುವುದೆಂದರೆ ಆಗದು. ಬಂದ ಕಾಗದವನ್ನು ಅವನ ಮುಂದೆ ಹಾಕಿ, "ಇವನಿಗೆ ಆಗಲ್ಲ ಅನ್ನು. ನೋವಾಗ್ಬಾರ್ದು" ಎಂದು ಹೋಗಿಬಿಡುತ್ತಿದ್ದರು.

ಅಷ್ಟು ಸಾಕಿತ್ತು ಆರಿನ್‌ಗೆ. ಮೂರು ಪುಟ ತಯಾರು. ದೇಶ ಹುಟ್ಟಿದ ಬಗೆ, ಸಂವಿಧಾನದ ಹಿರಿಮೆ, ವಾಷಿಂಗ್ಟನ್ನಿನ ಹವಾಮಾನ, ಇವೆಲ್ಲವನ್ನೂ ಹಾದು 'ಆಗುವುದಿಲ್ಲ' ಎಂಬಲ್ಲಿಗೆ ಬರುವಷ್ಟರಲ್ಲಿ ಓದುವವನಿಗೆ ತಾನು ಕೇಳಿದ್ದೇನೆಂಬುದೇ ಮರೆತಿರುತ್ತಿತ್ತು. ನೋವಾಗದಿದ್ದದ್ದು ಹಾಗೆ. ಊರಿನ ಹುಲ್ಡಾಳಿಗೆ ಅವನು ಬರೆದ ಪತ್ರದ ಗತಿಯೂ ಅದೇ ಆಯಿತು. ಮದುವೆಯ ಮಾತು ಐದನೇ ಪುಟದಲ್ಲಿತ್ತು. ಅವಳು ಎರಡರಲ್ಲೇ ನಿಲ್ಲಿಸಿ ಮಡಚಿಟ್ಟಿದ್ದರಿಂದ, ವಿಷಯ ಅವಳಿಗೆ ಗೊತ್ತಾಗಲು ಅವನು ಕ್ರಿಸ್‌ಮಸ್ಸಿಗೆ ಊರಿಗೆ ಬರಬೇಕಾಯಿತು.

ಬರೆದ ಪ್ರತಿ ಪತ್ರಕ್ಕೂ ನಕಲು ತೆಗೆಯುವ ಕ್ರಮವಿತ್ತು. ತೆಳ್ಳನೆಯ ಕಾಗದವನ್ನು ಒದ್ದೆ ಮಾಡಿ, ಹಸಿ ಮಸಿಯ ಮೇಲಿಟ್ಟು, ಕಬ್ಬಿಣದ ಒತ್ತುಯಂತ್ರದಲ್ಲಿ ತಿರುಪು ಬಿಗಿದರೆ ನಕಲು ಪುಸ್ತಕದಲ್ಲಿ ಅಚ್ಚು ಮೂಡುತ್ತಿತ್ತು. ಆಮೇಲೆ ಮೂಲ ಪತ್ರ ಸಹಿಗೆ ಮುಂದಿನ ಕೋಣೆಗೆ. ಥ್ರೂಪರು ಲೇಖನಿ ಕೈಗೆತ್ತಿಕೊಂಡು, "ಆರಿನ್, ಕೆಳಗಡೆ ಕಾಫಿ ಇದೆಯಾ ನೋಡಪ್ಪ" ಎನ್ನುತ್ತಿದ್ದರು. ಅವನು ಕಾಫಿ ತರುವಷ್ಟರಲ್ಲಿ ಲಕೋಟೆಗೆ ಅರಗು ಬಿದ್ದಿರುತ್ತಿತ್ತು. ಒಬ್ಬರೇ ಕೂತು ಒಕ್ಕಣೆಯ ಸವಿ ನೋಡುತ್ತಾರೆ, ಎದುರಿಗೆ ಹೊಗಳಲು ಸಂಕೋಚ ಎಂದು ಆರಿನ್ ತಿಳಿದುಕೊಂಡಿದ್ದ. ಹತ್ತೊಂಬತ್ತು ವರ್ಷ ಹಾಗೇ ತಿಳಿದುಕೊಂಡಿದ್ದ.

ಅರವತ್ತೊಂಬತ್ತರಲ್ಲಿ ಸೆನೆಟರರು ತೀರಿಕೊಂಡರು. ಇಪ್ಪತ್ಮೂರು ನಕಲು ಪುಸ್ತಕಗಳೊಂದಿಗೆ ಆರಿನ್ ವೆದರ್ಬಿಗೆ ಮರಳಿ, ಊರಿನ ದಫ್ತರದಲ್ಲಿ ಹುಟ್ಟು, ಸಾವು, ದನಗಳ ಕಿವಿಗುರುತು ಬರೆದಿಡುವ ಕೆಲಸಕ್ಕೆ ಸೇರಿದ. ಬರವಣಿಗೆಗೆ ಅಲ್ಲಿ ಜಾಗ ಕಡಿಮೆ. ಹಸುವಿನ ಕಿವಿಯ ಬಗ್ಗೆ ಎಷ್ಟು ಬರೆಯಬಹುದು? ಆದ್ದರಿಂದ ಉಳಿದದ್ದನ್ನೆಲ್ಲ ಕ್ಷೌರಿಕ ಜೇಬೆಜ್‌ನ ಅಂಗಡಿಯಲ್ಲಿ ಸುರಿಯುತ್ತಿದ್ದ. ಅದರಲ್ಲೂ ಕ್ರೋವೆಲ್ ಪತ್ರದ ಸಂಗತಿ ಹೇಳದೆ ಅವನ ಗಡ್ಡ ಇಳಿಯುತ್ತಿರಲಿಲ್ಲ.

ಸಂಗತಿ ಇಷ್ಟು. ಐವತ್ತೆಂಟರಲ್ಲಿ ಕಾನ್ಸಸ್ ಸೀಮೆಯೊಳಗೆ ಗುಲಾಮಗಿರಿ ಬಿಟ್ಟುಕೊಳ್ಳುವ ಮಸೂದೆ ಕೆಳಮನೆಯ ಮುಂದೆ ಬಂತು. ಪೆನ್ಸಿಲ್ವೇನಿಯಾದ ಸದಸ್ಯ ಎಲಿಯಾಸ್ ಕ್ರೋವೆಲ್ ಹೆದರಿ ಹೂಂ ಎನ್ನುವವನಿದ್ದ. ಥ್ರೂಪರು ಅವನಿಗೊಂದು ಪತ್ರ ಬರೆಸಿದರು. ಆರಿನ್ ನಾಲ್ಕು ದಿನ ಕೂತು ನಾಲ್ಕು ಪುಟ ಬರೆದ. ಕ್ರೋವೆಲ್ ಎದ್ದು ನಿಂತು ಇಲ್ಲ ಎಂದ. "ಜೇಬೆಜ್, ಒಂದು ಸೀಮೆಯನ್ನೇ ಈ ಬೆರಳು ಕಾಪಾಡಿತು" ಎಂದು ಆರಿನ್ ಮಸಿಗಲೆಯ ಬೆರಳೆತ್ತಿದರೆ, ಜೇಬೆಜ್ ಪ್ರತಿಸಲವೂ, "ಗದ್ದ ಆಡಿಸ್ಬೇಡಿ ಸ್ವಾಮಿ, ಕೊಯ್ದೋಗತ್ತೆ" ಎನ್ನುತ್ತಿದ್ದ.

ಸೆನೆಟರರ ಮಗಳು ಲುಸಿಂಡಾ ಥ್ರೂಪ್ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದಳು. ಐವತ್ತರ ಅವಿವಾಹಿತೆ; ಕಡ್ಡಿ ಮುರಿದಂಥ ಮಾತು. ಎಂಬತ್ತರ ವಸಂತದಲ್ಲಿ ಅವಳಿಗೆ ತಂದೆಯ ಪತ್ರಗಳನ್ನು ಪುಸ್ತಕ ಮಾಡುವ ಮನಸ್ಸಾಯಿತು. ಸುದ್ದಿ ಕೇಳಿದ ಆರಿನ್ ನಕಲು ಪುಸ್ತಕಗಳನ್ನೆಲ್ಲ ತಳ್ಳುಗಾಡಿಯಲ್ಲಿ ಹೇರಿಕೊಂಡು ಅವಳ ಬಾಗಿಲಿಗೆ ಹೋದ. ಅವಳು ಬಗ್ಗಿ ನೋಡಿ, ಬಾಸ್ಟನ್ನಿನ ಪ್ರಕಾಶಕರಿಗೆ ಮೂಲ ಪತ್ರಗಳೇ ಬೇಕಂತೆ, ಪಡೆದವರಿಗೆಲ್ಲ ಈಗಾಗಲೇ ಬರೆದಿದ್ದೇನೆ ಎಂದಳು. ಎರಡೂ ಒಂದೇ ಅಲ್ಲವೇ ಎಂದು ಆರಿನ್ ಅವಳ ಅನನುಭವಕ್ಕೆ ಒಳಗೊಳಗೇ ಮರುಗಿದ.

ಮೊದಲ ಪತ್ರ ಜೂನ್‌ನಲ್ಲಿ ಬಂತು. ಮಗನಿಗೆ ಸರ್ಕಾರಿ ಕೆಲಸ ಕೇಳಿದ್ದ ಒಬ್ಬ ತಾಯಿಗೆ ಬರೆದದ್ದು. ಲುಸಿಂಡಾಳ ಮುಂದೆ ಆರಿನ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಮೂರು ಪುಟವನ್ನೂ ಗಟ್ಟಿಯಾಗಿ ಓದಿದ. ಸಹಿಯ ತನಕ ಬಂದು ಮಡಚಲು ಹೊರಟಾಗ ಅವಳೆಂದಳು: "ಡಟನ್ನವರೇ, ಕೆಳಗಡೆ ಇನ್ನೂ ಏನೋ ಇದೆಯಲ್ಲ."

ಇತ್ತು. ಕೋಳಿ ಕೆದರಿದಂಥ ಅಕ್ಷರ, ಸೆನೆಟರರದೇ. ಆ ಕೈ ಸಹಿಯನ್ನು ಬಿಟ್ಟು ಬೇರೇನನ್ನಾದರೂ ಬರೆದದ್ದನ್ನು ಆರಿನ್ ಕಂಡೇ ಇರಲಿಲ್ಲ. 'ತಾಯೀ, ಕೆಲಸ ಇಲ್ಲ. ಇದ್ದರೂ ಕೊಡಿಸುತ್ತಿರಲಿಲ್ಲ. ನಿಮ್ಮ ಮಗನನ್ನು ಕಂಡೆ. ಇಲ್ಲಿ ಮೂರು ತಿಂಗಳಿದ್ದರೆ ಕುಡಿಯುವುದು ಕಲಿಯುತ್ತಾನೆ. ಹಸು ಕರೆಯುವಾಗ ಹಾಡು ಹೇಳುತ್ತಾನಂತೆ, ಅಂಥವನನ್ನು ಇಲ್ಲಿ ಹಾಳು ಮಾಡಬೇಡಿ.' ಪತ್ರದ ಜೊತೆ ಆ ಮಗನ ಚೀಟಿಯೂ ಇತ್ತು. ಅವನೀಗ ನಲವತ್ತು ಹಸುಗಳ ಒಡೆಯ. ತಾಯಿ ಸಾಯುವವರೆಗೂ ಆ ನಾಲ್ಕು ಸಾಲನ್ನು ಬಂದವರಿಗೆಲ್ಲ ಓದಿಸುತ್ತಿದ್ದಳಂತೆ. ಮೂರು ಪುಟದ ಸುದ್ದಿಯನ್ನು ಅವನು ಎತ್ತಿರಲಿಲ್ಲ.

ಒಂದು ಪತ್ರದಲ್ಲಿ ಹಾಗಾಗಿರಬಹುದು ಎಂದುಕೊಂಡ ಆರಿನ್. ಜುಲೈ ಮುಗಿಯುವಷ್ಟರಲ್ಲಿ ತೊಂಬತ್ತು ಪತ್ರ ಬಂದವು, ತೊಂಬತ್ತರಲ್ಲೂ ಹಾಗಾಗಿತ್ತು. ಕಾಫಿಯ ಗುಟ್ಟು ಆಗ ಅವನಿಗೆ ತಿಳಿಯಿತು. ಕನೆಕ್ಟಿಕಟ್ಟಿನ ಒಬ್ಬಾಕೆ ಎರಡು ಬೆರಳಗಲದ ತುಂಡು ಮಾತ್ರ ಕಳಿಸಿದ್ದಳು. ಕೆಳಗಿನ ಸಾಲು ಕತ್ತರಿಸಿ ಇಟ್ಟುಕೊಂಡಿದ್ದೆ, ಮೇಲಿನ ಭಾಗ ಜಾಮಿನ ಭರಣಿಗಳ ಬಾಯಿ ಕಟ್ಟಲು ಬಳಕೆಯಾಯಿತು, ಕಾಗದ ಬಹಳ ಗಟ್ಟಿ ಎಂದು ಬರೆದಿದ್ದಳು. ತನ್ನ ಬರಹಕ್ಕೆ ಸಿಕ್ಕ ಒಂದೇ ಒಂದು ಪ್ರಶಂಸೆ ಅದು ಎಂದು ಆರಿನ್ ಮುಂದೆಲ್ಲ ಹೇಳುತ್ತಿದ್ದ. ಲುಸಿಂಡಾಳ ತಾಯಿಯ ಪೆಟ್ಟಿಗೆಯಲ್ಲೂ ಒಂದು ಸಿಕ್ಕಿತು. ಸೆನೆಟರರಿಗೆ ಕೈ ಊದಿಕೊಂಡಿದ್ದಾಗ ಹೆಂಡತಿಗೆ ಆರಿನ್ ಬರೆದುಕೊಟ್ಟ ಪ್ರೇಮದ ಪತ್ರ. ಅದರಲ್ಲಿ ಚಂದ್ರ ಮೂರು ಸಲ ಬರುತ್ತಾನೆ. ಕೆಳಗೆ ಸೊಟ್ಟ ಸಾಲು: 'ಕೈ ಊದಿರುವುದು ನಿಜ. ಉಳಿದ ಊತವೆಲ್ಲ ಆರಿನ್‌ದು. ಬೇಗ ಬರುತ್ತೇನೆ.'

ಆಗಸ್ಟಿನಲ್ಲಿ ಪೆನ್ಸಿಲ್ವೇನಿಯಾದ ಲಕೋಟೆ ಬಂತು. ಟಪಾಲು ತರುವ ಕೆಲಸ ಆರಿನ್‌ದೇ ಆಗಿತ್ತು. ಲುಸಿಂಡಾಳಿಗೆ ಒಯ್ಯುವವರೆಗೆ ತಾಳ್ಮೆ ಉಳಿಯಲಿಲ್ಲ. ಸೇತುವೆಯ ಕಟ್ಟೆಯ ಮೇಲೆ ಕೂತು ಒಡೆದ. ತನ್ನ ನಾಲ್ಕು ಪುಟ, ಮಡಿಕೆಯಲ್ಲಿ ಸವೆದು ಬಟ್ಟೆಯಂತಾಗಿತ್ತು. ನಮ್ಮ ತಂದೆ ಇದನ್ನು ಸಾಯುವ ತನಕ ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದರು ಎಂದು ಕ್ರೋವೆಲ್‌ನ ಮಗ ಬರೆದಿದ್ದ. ಆರಿನ್‌ನ ಎದೆ ಅರಳಿತು. ಆಮೇಲೆ ಪುಟ ತಿರುಗಿಸಿದ.

'ಕ್ರೋವೆಲ್, ಮೇಲಿನದು ನನ್ನ ಗುಮಾಸ್ತನದು, ಓದಬೇಡ. ನಾಲ್ಕು ವರ್ಷದ ಹಿಂದೆ ಇದೇ ಕಾನ್ಸಸ್ ಮಾತು ನಮ್ಮ ಸೆನೆಟ್ಟಿಗೆ ಬಂದಾಗ ನಾನು ಹೊಟ್ಟೆನೋವೆಂದು ಸುಳ್ಳು ಹೇಳಿ ಹಾಸಿಗೆ ಹಿಡಿದೆ. ಮತ ಹಾಕಲು ಹೆದರಿದ್ದೆ. ಅಂದಿನಿಂದ ನನ್ನ ಮುಖ ನನಗೇ ಸೇರುವುದಿಲ್ಲ. ನೀನು ಹಾಗೆ ಮಾಡಿಕೊಳ್ಳಬೇಡ.'

ಆ ಹೊಟ್ಟೆನೋವು ಆರಿನ್‌ಗೆ ಚೆನ್ನಾಗಿ ನೆನಪಿತ್ತು. ಅಂದು ಇಡೀ ದಿನ ಅವನು ಸಾಸಿವೆ ಅರೆದು ಪಟ್ಟಿ ಹಾಕಿದ್ದ. ಸುಳ್ಳು ನೋವಿನ ಹೊಟ್ಟೆಯ ಮೇಲೆ ನಿಜವಾದ ಬೊಬ್ಬೆ ಎದ್ದಿತ್ತು. ಸೆನೆಟರರು ಬಾಯಿಬಿಡದೆ ಸಹಿಸಿದ್ದರು. 'ದೇಹ ಹಾಸಿಗೆಯಲ್ಲಿದ್ದರೂ ಆತ್ಮ ಸಭೆಯಲ್ಲಿತ್ತು' ಎಂದು ವೆರ್ಮಾಂಟಿನ ಪತ್ರಿಕೆಗಳಿಗೆಲ್ಲ ಬರೆದವನೂ ಅವನೇ. ಬರೆಯುತ್ತ ಅತ್ತಿದ್ದ ಬೇರೆ.

ಆ ಪತ್ರವನ್ನು ಅವನು ಲುಸಿಂಡಾಳಿಗೆ ಕೊಡಲಿಲ್ಲ. ಮನೆಗೆ ಒಯ್ದು ಗೋಡೆ ಗಡಿಯಾರದ ಪೆಟ್ಟಿಗೆಯೊಳಗೆ ಬಚ್ಚಿಟ್ಟ. ಭಾನುವಾರ ಗಡಿಯಾರಕ್ಕೆ ಕೀ ಕೊಡುವವಳು ಹೆಂಡತಿ ಹುಲ್ಡಾ ಎಂಬುದು, ಹತ್ತೊಂಬತ್ತು ವರ್ಷ ರಾಜಕೀಯ ಕಂಡವನ ತಲೆಗೆ ಹೊಳೆಯಲಿಲ್ಲ.

ಭಾನುವಾರ ಅವಳು ಓದಿ ಮುಗಿಸಿ, ಮೇಜಿನ ಮೇಲಿಟ್ಟಳು. "ಇದು ಥ್ರೂಪರ ಮನೆಗೆ ಹೋಗ್ಬೇಕಾದ್ದಲ್ವೇನ್ರೀ?"

ಸತ್ತವರ ಮಾನ ಕಾಯುವುದು ಬದುಕಿದ್ದವರ ಕರ್ತವ್ಯ ಎಂದು ಆರಿನ್ ಆರಂಭಿಸಿದ. ಅವಳು ಅವನ ಮಾತನ್ನು ಸ್ವಲ್ಪ ದೂರ ಹೋಗಲು ಬಿಟ್ಟಳು.

"ಅವ್ರೇ ಕೈಯಾರೆ ಬರ್ದು ಕಳ್ಸಿದಾರೆ. ಅವ್ರಿಗಿಲ್ದಿರೋ ಸಂಕಟ ನಿಮಗ್ಯಾಕೆ?"

ಆರಿನ್ ಮೇಜಿನ ಅಂಚು ಸವರಿದ. ಆಮೇಲೆ ಹೇಳಿದ: "'ಓದಬೇಡ' ಅಂತ ಬರೆದಿದಾರೆ, ಹುಲ್ಡಾ. ನಾಲ್ಕು ದಿನ ಕೂತು ಬರೆದಿದ್ದೆ ಕಣೆ."

"ಗೊತ್ತು," ಎಂದಳು ಅವಳು. "ಅದಕ್ಕೇ ಗಡಿಯಾರ ನಿಂತಿರೋದು. ಕಾಗದ ಲೋಲಕಕ್ಕೆ ತಾಗ್ತಿದೆ."

ಮಾರನೆಯ ದಿನ ಅವನು ಪತ್ರವನ್ನು ಲುಸಿಂಡಾಳ ಕೈಗೆ ಕೊಟ್ಟು, ಐದು ದಿನ ಬಚ್ಚಿಟ್ಟಿದ್ದೆ ಎಂದೂ ಹೇಳಿದ. ಅವಳು ಓದಿದಳು. ಕಿಟಕಿಯ ಬಳಿ ಹೋಗಿ ಇನ್ನೊಮ್ಮೆ ಓದಿದಳು. ಅವಳ ಭುಜ ಅಲುಗಿತು; ಅಳುತ್ತಿದ್ದಾಳೋ ಏನೋ ಎಂದು ಆರಿನ್ ಗಾಬರಿಯಾದ.

"ಆ ವಾರ ಚರ್ಚಲ್ಲಿ ಅಪ್ಪನ ಹೊಟ್ಟೆಗೋಸ್ಕರ ನಾನೇ ಪ್ರಾರ್ಥನೆ ಮಾಡ್ಸಿದ್ದೆ," ಎಂದಳು ಅವಳು. "ಇಡೀ ಊರು ಮಂಡಿಯೂರಿತ್ತು."

ಅವಳು ನಗುತ್ತಿದ್ದಳು, ಕಣ್ಣೂ ಒದ್ದೆಯಾಗಿತ್ತು. ಇದನ್ನು ಹಾಕಿದರೆ ಸೆನೆಟರರ ಹೆಸರಿಗೆ ಮಸಿಯಲ್ಲವೇ ಎಂದು ಆರಿನ್ ಕೇಳಿದ. ಇದನ್ನು ಬಿಟ್ಟು ಪುಸ್ತಕ ಮಾಡಿದರೆ ನಾನೂ ಹೊಟ್ಟೆನೋವೆಂದು ಮಲಗಿದಂತೆ ಎಂದಳು ಅವಳು. ಆಮೇಲೆ ಮೇಜಿನ ಮೇಲಿನ ಕಟ್ಟು ತೋರಿಸಿದಳು. "ಆದ್ರೆ ನಿಮ್ಮನ್ನ ಆಡ್ಕೊಂಡಿರೋ ಸಾಲು ಇದೂ ಸೇರಿ ಹನ್ನೊಂದಿವೆ. ಅವನ್ನ ಬಿಡಿ ಅಂದ್ರೆ ಬಿಡ್ತೀನಿ. ಅದು ನಿಮ್ಮ ಹಕ್ಕು."

ಆರಿನ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಮನೆಯಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದ ದೊಡ್ಡ ಮಾತೊಂದಿತ್ತು; ಅದು ಬಾಯಿಗೆ ಬರಲಿಲ್ಲ. "ಹಾಕಿ, ಮಿಸ್ ಲುಸಿಂಡಾ," ಎಂದ. "ಹನ್ನೆರಡ್ನೇದು ಸಿಕ್ಕಿದ್ರೆ ಅದ್ನೂ ಹಾಕಿ."

ಪುಸ್ತಕದಲ್ಲಿ ಸೆನೆಟರರ ಸಾಲುಗಳು ಪೂರ್ತಿ ಬರಬೇಕು, ಮೇಲಿನ ಪತ್ರದ ಸಾರಾಂಶ ಒಂದೊಂದು ವಾಕ್ಯದಲ್ಲಿ ಬಂದರೆ ಸಾಕು ಎಂದು ಲುಸಿಂಡಾ ತೀರ್ಮಾನಿಸಿದಳು. ಸಾರಾಂಶ ಬರೆಯಲು ಆರಿನ್‌ನನ್ನು ಬಿಟ್ಟರೆ ಬೇರೆ ಯಾರಿದ್ದಾರೆ? ಆ ಚಳಿಗಾಲವೆಲ್ಲ ಅವನು ಒಲೆಯ ಪಕ್ಕ ಕೂತು, ತಾನು ಹತ್ತೊಂಬತ್ತು ವರ್ಷ ಉಬ್ಬಿಸಿದ್ದನ್ನು ತಾನೇ ಹಿಂಡಿದ. 'ಆಗುವುದಿಲ್ಲ ಎಂದು ತಿಳಿಸುತ್ತಾರೆ.' 'ಕ್ಷೇಮ ವಿಚಾರಿಸುತ್ತಾರೆ.' 'ಮತ್ತೆ ಆಗುವುದಿಲ್ಲ ಎಂದು ತಿಳಿಸುತ್ತಾರೆ.' ಕ್ರೋವೆಲ್‌ನ ನಾಲ್ಕು ಪುಟ, 'ಸರಿಯಾಗಿ ಮತ ಹಾಕಲು ಕೋರುತ್ತಾರೆ' ಎಂದಾಯಿತು. ಅಷ್ಟೂ ಸೇರಿ ಏಳು ಪುಟ. ಚಂದ್ರ ಎಲ್ಲಿಯೂ ಉಳಿಯಲಿಲ್ಲ.

ಎಂಬತ್ತೆರಡರಲ್ಲಿ ಪುಸ್ತಕ ಬಂತು, ಮೂರು ಸಂಪುಟವಾಗಬೇಕಾದದ್ದು ಒಂದೇ ಆಗಿ. ಚರ್ಚಿನ ಹಿರಿಯರಲ್ಲಿ ಇಬ್ಬರು ಹಳೆಯ ಪ್ರಾರ್ಥನೆಯ ನೆನಪಿಗೆ ಸಿಟ್ಟಾದರು. ಉಳಿದವರು ಥ್ರೂಪರನ್ನು ಮೊದಲಿಗಿಂತ ಹೆಚ್ಚು ಇಷ್ಟಪಟ್ಟರು. ಜೇಬೆಜ್ ಒಂದು ಪ್ರತಿ ಅಂಗಡಿಯಲ್ಲಿಟ್ಟು, ಗಿರಾಕಿಗಳಿಗೆ ಆರಿನ್‌ನನ್ನು ಆಡಿಕೊಂಡ ಹನ್ನೆರಡು ಸಾಲುಗಳನ್ನು ಓದಿ ಹೇಳುತ್ತಿದ್ದ. ಅವನು ಉಚ್ಚಾರ ತಪ್ಪಿದಲ್ಲಿ ಕುರ್ಚಿಯಲ್ಲಿ ಕೂತ ಆರಿನ್‌ನೇ ತಿದ್ದುತ್ತಿದ್ದ.

ಆ ಅಕ್ಟೋಬರಿನಲ್ಲಿ ಕ್ರೋವೆಲ್‌ನ ಮಗ ತಂದೆಯ ಪತ್ರ ವಾಪಸು ಒಯ್ಯಲು ತಾನೇ ಬಂದ. ಎರಡು ದಿನ ರೈಲಿನಲ್ಲಿ ಕೂತು ಬಂದ ದಪ್ಪ ಮನುಷ್ಯ, ಚರ್ಮ ಹದಮಾಡುವ ಕಸುಬು. ಹುಲ್ಡಾ ಬೇಯಿಸಿದ ಅವರೆ, ರೈ ಹಿಟ್ಟಿನ ರೊಟ್ಟಿ ಬಡಿಸಿದಳು. ಊಟ ಮಾಡುತ್ತ ಅವನು, ಆ ಮತದಿಂದ ತಂದೆ ಮುಂದಿನ ಚುನಾವಣೆಯಲ್ಲಿ ಸೋತು ಮತ್ತೆ ಚರ್ಮದ ಕೊಪ್ಪರಿಗೆಗೇ ಬಂದರು, ಆದರೆ ಕೊರಗಲಿಲ್ಲ, ಕೆಲಸ ಮಾಡುತ್ತ ಸಿಳ್ಳು ಹಾಕುತ್ತಿದ್ದರು ಎಂದು ಹೇಳಿದ. ಆಮೇಲೆ ಸಂಕೋಚದಿಂದ ಕೇಳಿದ: "ಅಪ್ಪ ಆ ನಾಲ್ಕು ಪುಟ ಓದ್ಲೇ ಇಲ್ಲ, ಬೇಡ ಅಂದಿದ್ರಲ್ಲ. ನಾವೂ ಓದಿಲ್ಲ. ನೀವೇ ಓದಿ ಹೇಳ್ತೀರಾ, ಡಟನ್ನವ್ರೇ?"

ಆರಿನ್ ಹುಲ್ಡಾಳ ಮುಖ ನೋಡಿದ. ಅವಳು ಹೆಣಿಗೆ ಕೈಗೆತ್ತಿಕೊಂಡಳು. ಅವನು ಕನ್ನಡಕ ಹಾಕಿಕೊಂಡು, ದೀಪ ಹತ್ತಿರಕ್ಕೆ ಎಳೆದು ಓದತೊಡಗಿದ. ಎರಡನೇ ಪುಟದಲ್ಲಿ ಇತಿಹಾಸದ ನ್ಯಾಯಾಸನದ ಬಳಿ ಬರುವಷ್ಟರಲ್ಲಿ ಅತಿಥಿಯ ಗೊರಕೆ ಕೇಳಿತು. ಪಾಪ, ಪ್ರಯಾಣದ ದಣಿವು. ಹುಲ್ಡಾ ಎದ್ದು ಅವನಿಗೆ ಕೌದಿ ಹೊದಿಸಿ ಬಂದು ಕೂತು, "ಹೂಂ, ಓದಿ" ಎಂದಳು.

ಅವನು ದನಿ ತಗ್ಗಿಸಿ ಕೊನೆಯ ತನಕ ಓದಿದ. ಮುಗಿದ ಮೇಲೆ ಅವಳು ಒಂದು ಸಾಲು ಹೆಣೆದು ಮುಗಿಸಿ ಹೇಳಿದಳು: "ನಡುವೆ ಎಲ್ಲೋ ಒಂದು ವಾಕ್ಯ ಚೆನ್ನಾಗಿತ್ತು."

"ಯಾವ್ದು?"

ಹುಲ್ಡಾ ಪ್ರಾಮಾಣಿಕವಾಗಿ ಯೋಚಿಸಿದಳು. "ನೆನಪಿಗೆ ಬರ್ತಿಲ್ಲ ಕಣ್ರೀ," ಎಂದಳು.