ಎರ್ರಿಸ್ವಾಮಿಯ ಗಾಡಿಗೆ ಒಂದು ದನಿ

ಚಳ್ಳಕೆರೆಯಲ್ಲಿ ಕಾರಿಗೆ ಹಾರ್ನು, ಸ್ಪೀಕರು ಕೂರಿಸುವ ದುರುಗೇಶನಿಗೆ ಒಂದು ಹುಚ್ಚು ಹತ್ತಿತ್ತು. ಕಾರು ನಮ್ಮ ಸೀಮೆಯ ಮಾತು ಆಡಬೇಕು. ದೊಡ್ಡ ಕಾರುಗಳೂ ಮಾತಾಡುತ್ತವೆ, ಇಲ್ಲವೆನ್ನುವುದಿಲ್ಲ, ಆದರೆ ಇಂಗ್ಲಿಷಿನ ಠೀವಿ ಅವುಗಳದ್ದು. ಸಿದ್ಧವಾಗಿ ಸಿಗುವ ಎಐ ತಂದು, ತಿಂಗಳುಗಟ್ಟಲೆ ಅದರ ಮುಂದೆ ಕೂತು ಮಾತು ತಿದ್ದಿ, ಯಾರಿಗೆ ಯಾವ ಹೆಸರು, ಯಾವ ದನಿ, ಯಾವ ಸ್ವಭಾವ ಬೇಕೋ ಹಾಗೆ ಹೊಂದಿಸಿಕೊಳ್ಳುವ ಸಹಾಯಕನನ್ನು ಅವನು ಕಟ್ಟಿದ. ಮೊಳಕಾಲ್ಮೂರಿನ ಸೀರೆ ವ್ಯಾಪಾರಿಯೊಬ್ಬರಿಗೆ ಅರ್ಧ ಕನ್ನಡ, ಅರ್ಧ ತೆಲುಗು ಬೇಕಿತ್ತು, ಕೊಟ್ಟ. ಗೌರಸಮುದ್ರದವನೊಬ್ಬ ಊರ ದೇವತೆ ಮಾರಮ್ಮನ ಹೆಸರಿಡು ಎಂದಾಗ ಮಾತ್ರ ಗದರಿದ. "ಅಮ್ಮಂಗೆ ಏಸಿ ಹಾಕು ಅಂತ ಹೇಳ್ತೀಯೇನಲೇ? ನಾಲಿಗೆ ಬಿದ್ದೋಗ್ತೈತೆ!"

ಊರಿನವರ ಗಾಡಿಗೆಲ್ಲ ದನಿ ಕೊಟ್ಟವನಿಗೆ ಸ್ವಂತ ಭಾವನ ಗಾಡಿಯೇ ಜೀವ ಹಿಂಡಿತು. ಅಕ್ಕ ಬೋರಕ್ಕನ ಗಂಡ ಎರ್ರಿಸ್ವಾಮಿ ಬಾಡಿಗೆ ಕಾರಿನ ಡ್ರೈವರ್. ಅವನಿಗೊಂದು ನಿದ್ದೆಯ ಕಾಯಿಲೆ ಅಂಟಿತ್ತು. ಮಧ್ಯಾಹ್ನ ಮುದ್ದೆ ಉಂಡು ಸ್ಟೀರಿಂಗ್ ಹಿಡಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಕತ್ತು ವಾಲುತ್ತಿತ್ತು. ತಳಕಿನ ಹತ್ತಿರ ಒಮ್ಮೆ ಕಾರು ಶೇಂಗಾ ಹೊಲಕ್ಕೆ ಇಳಿದಿತ್ತು. ಇನ್ನು ಗಾಡಿ ಮುಟ್ಟಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆದರೆ ಎರ್ರಿಸ್ವಾಮಿ ಹಿಡಿದ ಮೊಲಕ್ಕೆ ಮೂರೇ ಕಾಲು. "ಗಾಡಿ ಬಿಟ್ರೆ ನಾನ್ಯಾವನಲೇ?" ಎನ್ನುತ್ತಿದ್ದ. ಕೀಲಿ ಬಚ್ಚಿಟ್ಟರೆ ಇನ್ನೊಂದು ಮಾಡಿಸಿಕೊಂಡು ಬಂದ. ಬೋರಕ್ಕ ಅತ್ತಳು, ಉಪವಾಸ ಕೂತಳು. ಎಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಕೊನೆಗೆ ದುರುಗೇಶ ಭಾವನ ಕಾರಿನ ಕನ್ನಡಿ ಪಕ್ಕ ಒಂದು ಕ್ಯಾಮೆರಾ ಕೂರಿಸಿದ. ಕಣ್ಣು ಮುಚ್ಚಿದ ಕೂಡಲೇ ಸಹಾಯಕ ಕೂಗಿ ಎಬ್ಬಿಸಬೇಕು. ಯಾವ ದನಿಯಲ್ಲಿ? ಬೇವಿನ ಮರದಡಿ ನಿಂತ ಕಾರಿನಲ್ಲಿ ಭಾವ ತೂಕಡಿಸುವಾಗ ಒಂದೊಂದೇ ಪರೀಕ್ಷೆ ಮಾಡಿದ. ಬಜರ್ ಹೊಡೆಯಿತು, ಭಾವ ಏಳಲಿಲ್ಲ. ದುರುಗೇಶನ ದನಿಗೆ "ಸುಮ್ಕಿರಲೇ" ಎಂದು ಮತ್ತೆ ಕಣ್ಣು ಮುಚ್ಚಿದ. ಬೋರಕ್ಕನ ದನಿಯಲ್ಲಿ "ಏನ್ರೀ, ಏಳ್ರೀ" ಎಂದರೆ ಮಗ್ಗುಲು ಬದಲಿಸಿದ, ಮದುವೆಯಾದಾಗಿನಿಂದ ದಿನಾ ಕೇಳಿಸಿಕೊಂಡು ಮಲಗಿದ ಮಾತು ಅದು.

"ಅಕ್ಕ, ನೀನು ಹೆಸರು ಹಿಡಿದು ಕೂಗು. ಅದಕ್ಕೆ ಎದ್ದೇ ಏಳ್ತಾರೆ."

ಬೋರಕ್ಕ ಕಿವಿ ಮುಚ್ಚಿಕೊಂಡಳು. "ಗಂಡನ ಹೆಸ್ರು ಬಾಯಾಗ ತಂದ್ರೆ ಆಯಸ್ಸು ಕಮ್ಮಿ ಆಗ್ತೈತಂತೆ. ಉಳಿಸ್ಕೊಳ್ಳಾಕೆ ಹೋಗಿ ನಾನೇ ಕಳ್ಕೊಳ್ಳಲಾ?"

ಒಂದೇ ದಾರಿ ಉಳಿದಿತ್ತು. ಮದುವೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಒಡಪಿನೊಳಗೆ ಸೇರಿಸಿ ಹೇಳುತ್ತಾರೆ, ಅದಕ್ಕೆ ದೋಷವಿಲ್ಲ. ತುಂಬ ಕಾಡಿದ ಮೇಲೆ ಬೋರಕ್ಕ ನಾಚಿಕೊಂಡು ಮೈಕಿನ ಮುಂದೆ ಹೇಳಿದಳು: "ಚಿನ್ನದ ತಟ್ಟೇಲಿ ಚಿಗಳಿ ತಂಬಿಟ್ಟು, ಎರ್ರಿಸ್ವಾಮಿ ಹೆಸ್ರು ಹೇಳ್ತೀನಿ ತಲೆ ಮ್ಯಾಲೆ ಸೆರಗಿಟ್ಟು."

ಚಿಗಳಿ, ತಂಬಿಟ್ಟು ಮುಗಿಯುವ ಹೊತ್ತಿಗೆ ಕಾರು ಹೊಲದಲ್ಲಿರುತ್ತದೆ. ದುರುಗೇಶ ಅಕ್ಕನಿಗೆ ಹೇಳದೆ ಒಡಪನ್ನು ಕತ್ತರಿಸಿ ಹೆಸರೊಂದನ್ನೇ ಉಳಿಸಿಕೊಂಡ. ಅದನ್ನು ಭಾವನ ಕಾರಿಗೆ ತುಂಬಿದ.

ಮೊಳಕಾಲ್ಮೂರು ದಾರಿಯ ಹಾನಗಲ್ ಹತ್ತಿರ ಸಹಾಯಕ ಬೋರಕ್ಕನ ದನಿಯಲ್ಲಿ ಹೆಸರು ಕೂಗಿತು. ಎರ್ರಿಸ್ವಾಮಿ ಬೆಚ್ಚಿ ಬ್ರೇಕ್ ತುಳಿದಾಗ ಕುರಿಮಂದೆ ಕಾರಿನ ಮೂತಿಗೇ ಬಂದಿತ್ತು. ಇನ್ನಾದರೂ ಭಾವ ಹೆದರಿ ಗಾಡಿ ಬಿಡುತ್ತಾರೆ ಎಂದುಕೊಂಡ ದುರುಗೇಶ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಪಾಪ. ಎರ್ರಿಸ್ವಾಮಿ ಮೀಸೆ ತಿರುವಿಕೊಂಡು, "ಇನ್ಯಾತರ ಭಯ? ಗಾಡೀನೇ ಎಬ್ಬಿಸ್ತೈತೆ!" ಎಂದು ದೂರದ ಬಾಡಿಗೆಗಳನ್ನೂ ಒಪ್ಪಿಕೊಂಡ.

ಕೆಲವೇ ವಾರ. ಒಂದು ಮಧ್ಯಾಹ್ನ ಬೇವಿನ ಮರದಡಿ ಕಾರಿನಲ್ಲಿ ಭಾವ ತೂಕಡಿಸುತ್ತಿದ್ದಾಗ ಸಹಾಯಕ ಹೆಸರು ಕೂಗಿತು. ಮತ್ತೆ ಕೂಗಿತು. "ಹ್ಞೂಂ, ಬಂದೆ" ಎಂದ ಭಾವ ಗೊರಕೆ ಹೊಡೆದ. ಕೊಡಲು ದುರುಗೇಶನ ಬಳಿ ಇನ್ನು ಯಾವ ದನಿಯೂ ಇರಲಿಲ್ಲ.

ಅಕ್ಕನ ಮನೆಗೆ ಓಡಿ ಎಲ್ಲವನ್ನೂ ಹೇಳಿಬಿಟ್ಟ. ಹೆಸರು ಕತ್ತರಿಸಿದ್ದನ್ನೂ ಹೇಳಿದ. ಬೋರಕ್ಕ ಕೆನ್ನೆಗೊಂದು ಬಿಟ್ಟಳು. "ನನ್ನ ತಾಳಿ ಮ್ಯಾಲೇ ಕತ್ರಿ ಆಡಿಸ್ದೆಲ್ಲೋ!" ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲೇ ಹೊರಟಳು. ದುರುಗೇಶ ಹಿಂದೆ ಓಡಿದ.

ಅಷ್ಟರಲ್ಲಿ ಎಚ್ಚರಗೊಂಡ ಎರ್ರಿಸ್ವಾಮಿ ಬಸ್ ಸ್ಟ್ಯಾಂಡಿನ ಮುಂದೆ ಬಾಡಿಗೆ ಹತ್ತಿಸಿಕೊಂಡು ಕಾರು ಸ್ಟಾರ್ಟ್ ಮಾಡಿದ್ದ. ಜಟಿಂಗ ರಾಮೇಶ್ವರ ಬೆಟ್ಟದ ಗುಡಿಗೆ ಹೊರಟ ಸಂಸಾರವೊಂದು ಹಿಂದೆ ಕೂತಿತ್ತು, ತಾಯಿಯ ತೊಡೆಯ ಮೇಲೆ ಕೂಸು. ಬೋರಕ್ಕ ಬಾನೆಟ್ಟಿನ ಮೇಲೆ ಎರಡೂ ಕೈ ಊರಿದಳು.

"ಎರ್ರಿಸ್ವಾಮಿ, ಕೆಳಗಿಳಿ."

ಸೋಡಾ ಅಂಗಡಿಯವನ ಕೈ ನಿಂತಿತು. ಹೆಂಡತಿಯ ಬಾಯಲ್ಲಿ ಹೆಸರು, ಅದೂ ಏಕವಚನ, ನಡುಬೀದಿಯಲ್ಲಿ! ಎರ್ರಿಸ್ವಾಮಿಯ ಮುಖ ಬಿಳಿಚಿತು. "ಇಳಿ ಅಂದೆ, ಎರ್ರಿಸ್ವಾಮಿ."

ಅವನು ಇಳಿದ. ಅವನ ಕೈಯಿಂದ ಕೀಲಿ ಕಿತ್ತುಕೊಂಡು ತಮ್ಮನ ಕೈಗಿಟ್ಟ ಬೋರಕ್ಕ ಅಲ್ಲೇ ರಸ್ತೆಯ ಮಣ್ಣಿನಲ್ಲಿ ಕುಸಿದು ಕೂತಳು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು, ಕೆನ್ನೆ ಬಡಿದುಕೊಂಡು ಗೋಳಾಡಿದಳು:

"ತಪ್ಪಾಯ್ತು ಮಾರವ್ವ, ನನ್ನ ಆಯಸ್ಸು ತಗಂಡು ಅವ್ರಿಗೆ ಕೊಡವ್ವ."